ಶ್ರಾವಣ ಸೋಮವಾರದ ಜ್ವರ

ದೊಡ್ಡಮ್ಮನ ಮನೆಯ ಮುಂದಿನ ಕೋಣೆ ಮನೆಗೆ ಸೇರಿದ್ದಲ್ಲ, ಅಂಗಡಿಗೆ ಸೇರಿದ್ದು. ರಾಜಾಜಿನಗರದ ಆ ಬೀದಿಯಲ್ಲಿ ಎಲ್ಲರ ಮನೆಗೂ ಗೇಟು, ಗೇಟಿನೊಳಗೆ ರಂಗೋಲಿ, ರಂಗೋಲಿ ದಾಟಿದರೆ ಬಾಗಿಲು. ನಮ್ಮ ಮನೆಗೆ ಮಾತ್ರ ಕಬ್ಬಿಣದ ಶಟರು. ಬೆಳಿಗ್ಗೆ ಅದನ್ನು ದಡದಡ ಎತ್ತಿದರೆ ಮೂರು ಗೋಡೆಗೂ ನೆಲದಿಂದ ಸೂರಿನ ತನಕ ವೀಡಿಯೊ ಕ್ಯಾಸೆಟ್ಟುಗಳು. ದೊಡ್ಡಪ್ಪ ಕಾರ್ಖಾನೆಯ ಕೆಲಸ ಬಿಟ್ಟು ಬಂದ ದುಡ್ಡಿನಲ್ಲಿ ಈ ಲೈಬ್ರರಿ ಇಟ್ಟಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಎದುರಿಗೆ ಊದುಬತ್ತಿ, ಬೆನ್ನ ಹಿಂದೆ ಹೀರೋಗಳು ವಿಲನ್ನುಗಳ ಕೊರಳಪಟ್ಟಿ ಹಿಡಿದ ಚಿತ್ರಗಳು. ಅದರ ನಡುವೆ ದೊಡ್ಡಪ್ಪ ಮಠದ ಸ್ವಾಮಿಗಳ ಹಾಗೆ ಕೂತಿರುತ್ತಿದ್ದರು. ಒಳಮನೆಗೆ ಹೋಗಬೇಕಾದರೆ ಕೌಂಟರಿನ ಹಲಗೆ ಎತ್ತಿ, ಬಗ್ಗಿ ನುಸುಳಬೇಕು. ಸ್ಕೂಲಿನಿಂದ ಬಂದಾಗ ಗಿರಾಕಿಗಳು ಇದ್ದರೆ ಅವರದ್ದು ಮುಗಿಯುವ ತನಕ ನಾನೂ ಬ್ಯಾಗು ಹೊತ್ತು ಅವರ ಹಿಂದೆಯೇ ನಿಂತಿರುತ್ತಿದ್ದೆ. ಸರದಿಯಲ್ಲಿ ನಿಂತು ಮನೆಯೊಳಗೆ ಹೋಗುವ ಮಗು ಆ ಬೀದಿಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ಅಪ್ಪನದು ಬ್ಯಾಂಕಿನ ಕೆಲಸ. ಒಂದೂರಲ್ಲಿ ಪಾತ್ರೆ ಜೋಡಿಸಿ ಮುಗಿಯುವಷ್ಟರಲ್ಲಿ ಇನ್ನೊಂದೂರಿಗೆ ವರ್ಗ. ಹುಡುಗಿಯ ಓದು ಹಾಳಾಗಬಾರದು ಎಂದು ದೊಡ್ಡವರೆಲ್ಲ ಕೂತು ಮಾತಾಡಿ ನನ್ನನ್ನು ಅಮ್ಮನ ಅಕ್ಕನ ಮನೆಯಲ್ಲಿ ಬಿಟ್ಟರು. ತಮ್ಮ ಪುಟ್ಟ ಇನ್ನೂ ಚಿಕ್ಕವನು, ಅವನ ಓದು ಆಗ ಹಾಳಾಗುವಷ್ಟು ದೊಡ್ಡದಾಗಿರಲಿಲ್ಲ, ಆದ್ದರಿಂದ ಅವನು ಅಮ್ಮನ ಜೊತೆ ಉಳಿದ. ದೊಡ್ಡಮ್ಮ, ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಅವರು ನನ್ನನ್ನು ಒಂದು ದಿನವೂ ಗದರಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. ಸ್ವಂತ ಮಕ್ಕಳನ್ನು ಬೈಯುತ್ತಾರೆ, ನೆಂಟರ ಮಕ್ಕಳನ್ನು ವಿಚಾರಿಸಿಕೊಳ್ಳುತ್ತಾರೆ. ನಾನೂ ನೆಂಟರ ಹಾಗೇ ಇರುತ್ತಿದ್ದೆ. ಎದ್ದ ಕೂಡಲೇ ಹಾಸಿಗೆ ಸುತ್ತಿಡುವುದು, ಎರಡನೆಯ ರೊಟ್ಟಿ ಬೇಕಾ ಅಂದರೆ ಹಸಿವಿದ್ದರೂ ಸಾಕು ಅನ್ನುವುದು, ಬಚ್ಚಲಲ್ಲಿ ಬೇಗ ಮುಗಿಸುವುದು. ಒಮ್ಮೆ ನನ್ನನ್ನು ನೋಡಲು ಬಂದ ಅಮ್ಮನ ಹತ್ತಿರ ದೊಡ್ಡಮ್ಮ "ಶೈಲಾ ಇದಾಳೆ ಅಂತಲೇ ಗೊತ್ತಾಗಲ್ಲ ಕಣೇ, ಅಷ್ಟು ಒಳ್ಳೇ ಹುಡುಗಿ" ಅಂದಿದ್ದರು. ಅಮ್ಮನಿಗೆ ಹೆಮ್ಮೆಯಾಯಿತು. ಆ ಮಾತು ನನಗೆ ಹೇಗೆ ನಾಟಿತು ಅನ್ನುವುದನ್ನು ಯಾರೂ ಕೇಳಲಿಲ್ಲ.

ದೊಡ್ಡಮ್ಮ ಕುರುಬರಹಳ್ಳಿಯ ಸ್ಕೂಲೊಂದರಲ್ಲಿ ಟೀಚರು. ಸುತ್ತಮುತ್ತಲಿನ ಹುಡುಗರಿಗೆ ಅವರೆಂದರೆ ನಡುಕ. ಚಕ್ಕರ್ ಹೊಡೆದವನನ್ನು ಮಾರನೆಯ ದಿನ ಮುಖ ನೋಡಿಯೇ ಹಿಡಿಯುತ್ತಾರೆ ಎಂದು ಪ್ರತೀತಿ. ಹೊಟ್ಟೆನೋವು, ತಲೆನೋವು, ತೀರಿಹೋದ ಅಜ್ಜಿ ಮತ್ತೆ ತೀರಿಹೋದದ್ದು, ಯಾವುದೂ ಅವರ ಹತ್ತಿರ ನಡೆಯುತ್ತಿರಲಿಲ್ಲ. ಹೀಗಾಗಿ ಮನೆಯಲ್ಲಿ ದಿನಾ ಒಂದೇ ಜಗಳ, ಸಂಜೆ ಕಾಫಿಯ ಹೊತ್ತಿಗೆ ಶುರುವಾಗಿ ಲೋಟ ತೊಳೆಯುವ ಹೊತ್ತಿಗೆ ಮುಗಿಯುವಂಥದ್ದು.

"ನನ್ನ ಕ್ಲಾಸಲ್ಲಿ ಯಾರ್ಯಾರು ಇರಲ್ವೋ ಅವರೆಲ್ಲ ನಿಮ್ಮ ಅಂಗಡೀಲಿ ಇರ್ತಾರೆ ಕಣ್ರೀ. ನಾನು ಹಿಡಿಯೋದು, ನೀವು ಬಿಡೋದು."

"ಗಿರಾಕಿ ಬಂದಾಗ ಹಾಜರಿ ತಗೊಳ್ಳಕ್ಕಾಗುತ್ತೇನೇ?" ಅನ್ನುತ್ತಿದ್ದರು ದೊಡ್ಡಪ್ಪ.

ದೊಡ್ಡಪ್ಪನೂ ಒಂದು ಬಗೆಯ ಚಕ್ಕರ್ ಗಿರಾಕಿಯೇ. ಅಂಗಡಿಯ ಧೂಳು ಹೊಡೆಯುವ ದಿನ ಬಂತೆಂದರೆ ಅವರ ಸೊಂಟ ಹಿಡಿದುಕೊಳ್ಳುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ನರಳುತ್ತಾ ಮಲಗುತ್ತಿದ್ದರು. ಆಗ ದೊಡ್ಡಮ್ಮ ಬಚ್ಚಲ ಒಲೆಯಿಂದ ಕೆಂಡ ತೆಗೆದು, ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಬಂದು ದೃಷ್ಟಿ ತೆಗೆಯುತ್ತಿದ್ದರು. ನಮ್ಮ ಕಡೆ ಇದಕ್ಕೊಂದು ಲೆಕ್ಕವಿದೆ. ನಿವಾಳಿಸಿದ ಮೆಣಸಿನಕಾಯಿ ಕೆಂಡಕ್ಕೆ ಬಿದ್ದಾಗ ಘಾಟು ಬರದಿದ್ದರೆ ದೃಷ್ಟಿ ಆಗಿದ್ದು ನಿಜ, ನೋವೂ ನಿಜ. ಘಾಟು ಬಂದು ಎಲ್ಲರೂ ಕೆಮ್ಮಿದರೆ ದೃಷ್ಟಿಯೂ ಇಲ್ಲ, ಗಿಷ್ಟಿಯೂ ಇಲ್ಲ. ದೊಡ್ಡಪ್ಪನ ವಿಷಯದಲ್ಲಿ ಪ್ರತಿ ಸಲವೂ ಘಾಟು ಬರುತ್ತಿತ್ತು. ಕೆಮ್ಮುತ್ತ ಕೆಮ್ಮುತ್ತಲೇ ದೊಡ್ಡಮ್ಮ ತೀರ್ಪು ಕೊಡುತ್ತಿದ್ದರು: "ಏಳಿ ಮೇಲೆ. ಪೊರಕೆ ಅಲ್ಲಿದೆ." ಸೊಂಟ ಹಿಡಿದ ಮನುಷ್ಯ ಕಣ್ಣೊರೆಸಿಕೊಂಡು ಎದ್ದು ಧೂಳು ಹೊಡೆಯುತ್ತಿದ್ದರು. ಆ ಮನೆಯಲ್ಲಿ ನಾನು ಮನಸ್ಸು ಬಿಚ್ಚಿ ನಗುತ್ತಿದ್ದದ್ದು ಅಂಥ ದಿನಗಳಲ್ಲಿ ಮಾತ್ರ.

ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಗಿರಾಕಿಗಳು ಒಯ್ಯುವ ಕ್ಯಾಸೆಟ್ಟಿಗೆ ಆ ಭಯವಿಲ್ಲ, ಅದು ಓಡುತ್ತಲೇ ಇರುತ್ತದೆ. ಯಾರಿಗೂ ಬೇಡದವುಗಳನ್ನು ಆಗಾಗ ಮಷೀನಿಗೆ ಹಾಕಿ ಪೂರ್ತಿ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ ಇಡಬೇಕು. ಈ ಕೆಲಸ ನನಗೆ ಬಂತು. ಸ್ಕೂಲಿನಿಂದ ಬಂದ ಮೇಲೆ ನಡುಮನೆಯ ಟೀವಿಯ ಮುಂದೆ ಕೂತು, ಮುಂದೆ ಅಂಗಡಿಯಲ್ಲಿ ಗಿರಾಕಿಗಳಿಗೆ ತೊಂದರೆಯಾಗದಂತೆ ಸದ್ದು ಪೂರ್ತಿ ತಗ್ಗಿಸಿ, ಯಾರೂ ಕೇಳದ ಸಿನಿಮಾಗಳನ್ನು ನಾನು ಓಡಿಸುತ್ತಿದ್ದೆ. ಮುಚ್ಚಿಹೋದ ಇನ್ನೊಂದು ಅಂಗಡಿಯಿಂದ ದೊಡ್ಡಪ್ಪ ತಂದಿದ್ದ ರಾಶಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ಇತ್ತು. ಹೈಸ್ಕೂಲಿನ ಹುಡುಗನೊಬ್ಬ ಜ್ವರದ ನಾಟಕವಾಡಿ ಸ್ಕೂಲಿಗೆ ಚಕ್ಕರ್ ಹೊಡೆದು, ಗೆಳೆಯರ ಜೊತೆ ಇಡೀ ದಿನ ಊರು ಸುತ್ತಿ, ಯಾರ ಕೈಗೂ ಸಿಗದೆ ಸಂಜೆ ಮನೆ ಸೇರುವ ಕಥೆ. ಆ ದೇಶದಲ್ಲಿ ಅದು ತುಂಬಾ ಹೆಸರಾದ ಚಿತ್ರವೆಂದು ಆಮೇಲೆ ಗೊತ್ತಾಯಿತು. ನಮ್ಮ ಬೀದಿಯಲ್ಲಿ ಮಾತ್ರ ಫೈಟಿಂಗ್ ಇಲ್ಲದ ಇಂಗ್ಲಿಷ್ ಸಿನಿಮಾ ಯಾರಿಗೂ ಬೇಕಾಗಿರಲಿಲ್ಲ. "ಪಾಪ, ಇದಕ್ಕೆ ನೀನೊಬ್ಬಳೇ ಗಿರಾಕಿ" ಎನ್ನುತ್ತಿದ್ದರು ದೊಡ್ಡಪ್ಪ.

ಆ ವಯಸ್ಸಿನ ಯಾವ ಮಗುವಿಗಾದರೂ ಅದರಲ್ಲಿ ಇಷ್ಟವಾಗುವುದು ಊರು ಸುತ್ತುವುದು, ಮೇಷ್ಟರಿಗೆ ಚಳ್ಳೆಹಣ್ಣು ತಿನ್ನಿಸುವುದು. ನನಗೆ ಅದೆಲ್ಲ ಬಂದಾಗ ಮುಂದಕ್ಕೆ ಓಡಿಸಬೇಕು ಅನ್ನಿಸುತ್ತಿತ್ತು. ನಾನು ಕಾಯುತ್ತಿದ್ದದ್ದು ಶುರುವಿನ ಚಿಕ್ಕ ದೃಶ್ಯಕ್ಕೆ. ಹುಡುಗ ಹಾಸಿಗೆಯಲ್ಲಿ ಕಣ್ಣು ತೇಲಿಸಿಕೊಂಡು ಮಲಗಿರುತ್ತಾನೆ. ಅವನ ಅಮ್ಮ ಬಗ್ಗಿ ಹಣೆಯ ಮೇಲೆ ಕೈ ಇಟ್ಟು ಏನೋ ಹೇಳುತ್ತಾಳೆ. ಸದ್ದಿಲ್ಲದ ಟೀವಿಯಲ್ಲಿ ಅವಳ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಏನು ಹೇಳುತ್ತಾಳೆ ಎಂದು ನಾನೇ ಊಹಿಸಿಕೊಳ್ಳುತ್ತಿದ್ದೆ. ಒಂದು ದಿನ ಕನ್ನಡದಲ್ಲಿ, ಇನ್ನೊಂದು ದಿನ ನಮ್ಮ ಅಮ್ಮನ ದನಿಯಲ್ಲಿ. ಆಮೇಲೆ ಇಡೀ ಸಿನಿಮಾದ ಉದ್ದಕ್ಕೂ ಎಲ್ಲರಿಗೂ ಅವನದೇ ಚಿಂತೆ. ಮನೆಯವರು, ಸ್ಕೂಲಿನವರು, ಬೀದಿಯವರು, ಅವನು ಎಲ್ಲಿ, ಹೇಗಿದ್ದಾನೆ ಎಂದು ವಿಚಾರಿಸುತ್ತಲೇ ಇರುತ್ತಾರೆ. ಚಕ್ಕರ್ ಹೊಡೆಯಬೇಕಾದರೆ ನೀವು ಇಲ್ಲ ಎಂದು ಗೊತ್ತಾಗುವ ಜನ ಬೇಕು. ಇದ್ದಾಳೆ ಎಂದೇ ಗೊತ್ತಾಗದ ಹುಡುಗಿ ಇಲ್ಲವಾದರೆ ಯಾರಿಗೆ ತಿಳಿಯುತ್ತದೆ? ನನಗೆ ಒಂದು ಜ್ವರ ಬೇಕಾಗಿತ್ತು. ಜ್ವರ ಬಂದರೆ ಅಮ್ಮ ಬರುತ್ತಾಳೆ, ಬಗ್ಗಿ ಹಣೆ ಮುಟ್ಟುತ್ತಾಳೆ. ಅಷ್ಟು ಸಾಕಾಗಿತ್ತು.

ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದರೆ ಬೆಳಿಗ್ಗೆ ಜ್ವರ ಗ್ಯಾರಂಟಿ ಎಂದು ಕ್ಲಾಸಿನ ಲತಾ ಹೇಳಿಕೊಟ್ಟಳು. ಅವಳ ಅಣ್ಣ ಅದರಲ್ಲಿ ಪಳಗಿದವನಂತೆ. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬುಟ್ಟಿಯಿಂದ ಎರಡು ಈರುಳ್ಳಿ ತೆಗೆದಿಟ್ಟು, ರಾತ್ರಿ ಸಿಪ್ಪೆ ಸುಲಿದು, ಕಂಕುಳಿಗೆ ಒಂದರಂತೆ ಇಟ್ಟುಕೊಂಡು, ತೋಳು ಬಿಗಿಮಾಡಿ ಮಲಗಿದೆ. ಬೆಳಿಗ್ಗೆ ಎದ್ದಾಗ ಮೈ ಬಿಸಿಯಾಗಿರಲಿಲ್ಲ, ಕಂಕುಳು ಮಾತ್ರ ಉರಿಯುತ್ತಿತ್ತು. ಈರುಳ್ಳಿಗಳನ್ನು ಕಿಟಕಿಯಾಚೆ ಎಸೆದು, ಸಿನಿಮಾದ ಹುಡುಗನ ಹಾಗೆ ಕಣ್ಣು ತೇಲಿಸಿ ಮಲಗಿದೆ. ಮಾಡಿದ ಎಡವಟ್ಟು ಏನೆಂದು ದೊಡ್ಡಮ್ಮ ಕೋಣೆಗೆ ಬಂದಾಗಲೇ ಹೊಳೆದದ್ದು. ಅದು ಶ್ರಾವಣ. ಶ್ರಾವಣ ಸೋಮವಾರ ಆ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವ ಹಾಗಿಲ್ಲ. ಹಿಂದಿನ ಸಂಜೆಯೇ ಅಡುಗೆಮನೆ ತೊಳೆದು, ಪಾತ್ರೆ ಬೆಳಗಿ, ಬುಟ್ಟಿಯನ್ನು ಹಿತ್ತಲ ಮೂಲೆಗೆ ಸಾಗಿಸಿರುತ್ತಾರೆ. ಇಡೀ ಮನೆಯಲ್ಲಿ ಊದುಬತ್ತಿ ಮತ್ತು ವಿಭೂತಿಯ ವಾಸನೆ ಬಿಟ್ಟರೆ ಬೇರೆ ಇಲ್ಲ. ಆ ವಾಸನೆಯ ನಡುವೆ ನಾನೊಬ್ಬಳು ಸಾರಿನ ಒಗ್ಗರಣೆಯ ಹಾಗೆ ಮಲಗಿದ್ದೆ.

ದೊಡ್ಡಮ್ಮ ಆಗಷ್ಟೇ ಸ್ನಾನ ಮುಗಿಸಿ, ತಲೆಗೆ ಟವೆಲು ಸುತ್ತಿಕೊಂಡು ಬಂದಿದ್ದರು. ಹಾಸಿಗೆಯ ಹತ್ತಿರ ಬಗ್ಗಿದರು. ಹಣೆ ಮುಟ್ಟುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕೈ ಬರಲಿಲ್ಲ. ಕಣ್ಣು ತೆರೆದರೆ ಅವರ ಮೂಗಿನ ಹೊಳ್ಳೆ ಅರಳಿತ್ತು.

"ಏನಾಯ್ತು ಶೈಲಾ?"

"ಜ್ವರ ದೊಡ್ಡಮ್ಮಾ."

"ಇವತ್ತು ಯಾವ ವಾರ?"

"ಸೋಮವಾರ."

"ಹೂಂ, ಸೋಮವಾರ," ಅಂದರು. ಎದ್ದು ಹೋದರು.

ಮುಂದಿನ ಕೋಣೆಯಲ್ಲಿ ಫೋನಿನ ನಂಬರು ತಿರುಗಿಸುವ ಸದ್ದು ಕೇಳಿಸಿತು. ಅಮ್ಮನ ಊರಿನ ನಂಬರು ಉದ್ದ, ತಿರುಗಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಸಿಕ್ಕಿಬಿದ್ದೆ ಎಂಬ ಭಯ ಒಂದು ಕಡೆ, ಅಮ್ಮ ಬರುತ್ತಾಳೆ ಎಂಬ ಆಸೆ ಇನ್ನೊಂದು ಕಡೆ. ದೊಡ್ಡಮ್ಮನ ಮಾತು ಮಾತ್ರ ಕೇಳುತ್ತಿತ್ತು.

"ಕಮಲಾ, ನಾನು ಕಣೇ. ಶೈಲಾಗೆ ಸ್ವಲ್ಪ ಮೈ ಸರಿ ಇಲ್ಲ, ಒಂದ್ಸಲ ಬಂದು ಹೋಗಕ್ಕೆ ಆಗುತ್ತಾ ಅಂತ... ಹೌದಾ? ಯಾವಾಗಿಂದ?... ಡಾಕ್ಟ್ರು ಏನಂದ್ರು?... ಅಷ್ಟೊಂದಾ?... ಸರಿ, ಹೇಗೆ ಬರಕ್ಕಾಗುತ್ತೆ ಬಿಡು, ಇವಳದೇನೂ ಅಂಥದ್ದಲ್ಲ. ನೀನು ಅವನನ್ನ ನೋಡ್ಕೋ. ಇಡ್ತೀನಿ."

ಪುಟ್ಟನಿಗೆ ಜ್ವರ ಬಂದಿತ್ತು. ಈರುಳ್ಳಿಯಿಲ್ಲದೆ, ತಾನಾಗಿಯೇ, ನಿಜವಾದ ಜ್ವರ. ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತಾಗ ನಾನು ಎದ್ದು ಕೂತಿದ್ದೆ.

"ಅಮ್ಮ ಬರ್ತಾಳಾ?"

"ಪುಟ್ಟಂಗೆ ಮೈ ಕೆಂಡದ ಹಾಗೆ ಸುಡ್ತಾ ಇದೆಯಂತೆ. ಆದ್ರೂ ಬರ್ತೀನಿ ಬರ್ತೀನಿ ಅಂತಾನೇ ಇದ್ಲು. ನಾನೇ ಬೇಡ ಅಂದೆ."

ಫೋನಿನಲ್ಲಿ ಅಮ್ಮ ಹಾಗೆ ಅಂದಿರಲಿಲ್ಲ. ಅಂದಿದ್ದರೆ ದೊಡ್ಡಮ್ಮ ಬೇಡ ಅಂದದ್ದು ನನಗೆ ಕೇಳಿಸಬೇಕಿತ್ತು, ಕೇಳಿಸಿರಲಿಲ್ಲ. ತುಟಿಯನ್ನಷ್ಟೇ ನೋಡಿ ಮಾತು ಊಹಿಸುವ ಅಭ್ಯಾಸದವಳಿಗೆ ಇಷ್ಟು ತಿಳಿಯದೆ ಇರುತ್ತದೆಯೇ? ನಾನು ಗೋಡೆ ಕಡೆ ತಿರುಗಿ ಅತ್ತೆ. ಜ್ವರ ಸುಳ್ಳು, ಅಳು ಸುಳ್ಳಲ್ಲ. ಅಮ್ಮನ ಕೈ ಆ ಹೊತ್ತಿಗೆ ಎಲ್ಲಿ, ಯಾರ ಹಣೆಯ ಮೇಲಿದೆ ಎಂದು ನನ್ನ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಪುಟ್ಟನ ಮೇಲೆ ಬಂದ ಸಿಟ್ಟು ಇಳಿಯಲು ಎಷ್ಟೋ ವರ್ಷ ಹಿಡಿಯಿತು, ಪಾಪ, ಅವನಿಗೆ ಅದು ಇವತ್ತಿಗೂ ಗೊತ್ತಿಲ್ಲ.

ದೊಡ್ಡಮ್ಮ ಬಚ್ಚಲ ಕಡೆ ಹೋದರು. ಮತ್ತೆ ಬಂದಾಗ ಒಂದು ಕೈಯಲ್ಲಿ ಹಳೆಯ ಬಾಣಲೆ, ಅದರಲ್ಲಿ ಬಚ್ಚಲ ಒಲೆಯ ಕೆಂಡ, ಇನ್ನೊಂದು ಕೈಯ ಮುಷ್ಟಿ ಬಿಗಿಯಾಗಿತ್ತು. ದೊಡ್ಡಪ್ಪನ ಸೊಂಟನೋವನ್ನು ಇಷ್ಟು ಸಲ ಹಿಡಿದುಹಾಕಿದ ಮೆಣಸಿನಕಾಯಿ ನನ್ನನ್ನು ಬಿಡುತ್ತದೆಯೇ? ಅವರು ಎದುರಿಗೆ ಕೂತು ತಲೆಯಿಂದ ಕಾಲಿನವರೆಗೆ ಮುಷ್ಟಿ ಸುತ್ತಿಸುತ್ತ, ಬಂದವರ ಕಣ್ಣು, ಹೋದವರ ಕಣ್ಣು, ಅಂಗಡಿಗೆ ಬರೋ ಗಿರಾಕಿಗಳ ಕಣ್ಣು, ಸ್ಕೂಲಿನವರ ಕಣ್ಣು, ಎಲ್ಲ ಸುಟ್ಟುಹೋಗಲಿ ಎಂದು ಗೊಣಗಿದರು. ಕೊನೆಗೆ ಮುಷ್ಟಿಯಲ್ಲಿದ್ದುದನ್ನೆಲ್ಲ ಕೆಂಡಕ್ಕೆ ಸುರಿದರು. ಸಾಸಿವೆ ಚಟಪಟ ಅಂದಿತು. ಮೆಣಸಿನಕಾಯಿ ಕಪ್ಪಾಗಿ ಉಬ್ಬಿ, ಹೊಗೆ ಎದ್ದು, ಆ ಘಾಟು ನೇರವಾಗಿ ಗಂಟಲಿಗೆ ಬಂದು ಕೂತಿತು.

ನಾನು ಉಸಿರು ಬಿಗಿಹಿಡಿದೆ. ಕೆಮ್ಮಿದರೆ ಕೆಟ್ಟೆ. ಗಂಟಲಲ್ಲಿ ಯಾರೋ ಉಗುರಿನಿಂದ ಕೆರೆದ ಹಾಗಾಗುತ್ತಿತ್ತು, ಮೂಗಲ್ಲಿ ನೀರು, ಕಣ್ಣಲ್ಲಿ ನೀರು. ಹೇಗೂ ಈಗ ದೊಡ್ಡಮ್ಮ ಕೆಮ್ಮುತ್ತಾರೆ, ಏಳು ಮೇಲೆ, ಬ್ಯಾಗು ಅಲ್ಲಿದೆ ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಅವರ ಮುಖ ನೋಡಿದೆ. ವಿಭೂತಿಯ ಕೆಳಗೆ ಆ ಮುಖ ಕೆಂಪೇರಿತ್ತು. ಕತ್ತಿನ ನರ ಎದ್ದಿತ್ತು. ತುಟಿ ಬಿಗಿದು, ಗಂಟಲು ಮೇಲೆ ಕೆಳಗೆ ಆಡುತ್ತ, ಎರಡೂ ಕಣ್ಣಿಂದ ಧಾರೆಯಾಗಿ ನೀರು ಹರಿಯುತ್ತ, ದೊಡ್ಡಮ್ಮ ಕೂತೇ ಇದ್ದರು. ಕೆಮ್ಮಲಿಲ್ಲ. ನಾನೂ ಕೆಮ್ಮಲಿಲ್ಲ. ಬಾಣಲೆಯ ಈಚೆ ಒಬ್ಬರು, ಆಚೆ ಒಬ್ಬರು, ನಾವು ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಅಷ್ಟರಲ್ಲಿ ಅಂಗಡಿಯಿಂದ ದೊಡ್ಡಪ್ಪ ಕೆಮ್ಮಿದ್ದು ಕೇಳಿಸಿತು, ಅವರ ಹಿಂದೆಯೇ ಯಾರೋ ಗಿರಾಕಿ ಕೆಮ್ಮಿದ.

"ಏನೇ ಅದು ಘಾಟು? ಬಂದೋರೆಲ್ಲ ಓಡಿ ಹೋಗ್ತಾ ಇದಾರೆ."

"ಘಾಟಾ?" ಅಂದರು ದೊಡ್ಡಮ್ಮ. ದನಿ ಅರ್ಧ ಗಂಟಲಲ್ಲೇ ಸಿಕ್ಕಿಕೊಂಡಿತ್ತು. "ಇಲ್ಲಿ ಏನೂ ಇಲ್ಲ ಕಣ್ರೀ. ನಿಮಗೆ ಶೀತ ಆಗಿರ್ಬೇಕು."

ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಣಲೆ ಎತ್ತಿಕೊಂಡು ಎದ್ದರು. "ತುಂಬಾ ದೃಷ್ಟಿ ಆಗಿತ್ತು ಮಗಾ. ಇವತ್ತು ಸ್ಕೂಲು ಬೇಡ, ಮಲಕ್ಕೋ." ಹಿತ್ತಲಿಗೆ ಹೋಗಿ, ಬಾಗಿಲು ಎಳೆದುಕೊಂಡ ಮೇಲೆ ಅವರು ಕೆಮ್ಮಿದ್ದು ನನಗೆ ಕೇಳಿಸಿತು. ಎಷ್ಟೋ ಹೊತ್ತು ಕೆಮ್ಮಿದರು. ಆ ಬಾಣಲೆಯನ್ನು ನನ್ನ ಸುಳ್ಳು ಹಿಡಿಯಲೆಂದೇ ತಂದು ನಡುವೆ ಮನಸ್ಸು ಬದಲಿಸಿದರೋ, ಇಲ್ಲ ಮೊದಲೇ ಬಿಟ್ಟುಕೊಡಲೆಂದು ತಂದರೋ ನಾನು ಯಾವತ್ತೂ ಕೇಳಲಿಲ್ಲ.

ಹಾಗೆ ನನಗೆ ಸಿನಿಮಾದ ಹುಡುಗನಿಗೆ ಸಿಕ್ಕಂಥದ್ದೇ ಒಂದು ದಿನ ಸಿಕ್ಕಿತು. ದೊಡ್ಡಮ್ಮ ತಮ್ಮ ಸ್ಕೂಲಿಗೆ ಹೋದರು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಶಟರು ಎಳೆದು ಹೊಸ ಕ್ಯಾಸೆಟ್ಟು ತರಲು ಗಾಂಧಿನಗರಕ್ಕೆ ಹೋದರು. ಮನೆ ನನ್ನದಾಯಿತು. ಸದ್ದು ಜೋರಾಗಿಟ್ಟು ಸಿನಿಮಾ ನೋಡಬಹುದಿತ್ತು, ಯಾಕೋ ಹಾಕಲು ಮನಸ್ಸೇ ಬರಲಿಲ್ಲ. ಸದಾ ಒಳಗಿನಿಂದ ಚಿಲಕ ಹಾಕಿರುತ್ತಿದ್ದ ಪಕ್ಕದ ಬಾಗಿಲು ತೆಗೆದುಕೊಂಡು ಬೀದಿಗೆ ಬಂದೆ. ಬೆಳಗಿನ ಹೊತ್ತು ಕಳೆದ ಮೇಲೆ ಮಕ್ಕಳಿಲ್ಲದ ಬೀದಿ ಹೇಗಿರುತ್ತದೆ ಎಂದು ಅವತ್ತೇ ನೋಡಿದ್ದು. ಒಣಹಾಕಿದ ಸೀರೆಗಳು, ಮಲಗಿದ ನಾಯಿ, ಯಾರದೋ ಮನೆಯ ಕುಕ್ಕರಿನ ಸೀಟಿ. ಊರು ಸುತ್ತೋಣ ಎಂದು ಹೊರಟೆ. ಹೊರಟ ಮೇಲೆ ತಿಳಿಯಿತು, ಈ ಬೆಂಗಳೂರಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ದಾರಿ, ಸ್ಕೂಲಿನ ದಾರಿ. ಬೇರೆ ಎಲ್ಲಿ ತಿರುಗಿದರೂ ಕಳೆದುಹೋಗುತ್ತೇನೆ. ಚಕ್ಕರ್ ಹೊಡೆದವಳು ನಡೆದು ನಡೆದು ಸ್ಕೂಲಿನ ಕಾಂಪೌಂಡಿಗೇ ಬಂದು ನಿಂತೆ. ಮೇಲಿನ ನಮ್ಮ ಕ್ಲಾಸಿನ ಕಿಟಕಿಯಿಂದ ಮಗ್ಗಿ ಹೇಳುವ ಸದ್ದು ಬರುತ್ತಿತ್ತು, ಎಲ್ಲರೂ ಒಟ್ಟಿಗೆ, ರಾಗವಾಗಿ. ನನ್ನೊಂದು ದನಿ ಕಡಿಮೆಯಾಗಿದೆ ಎಂದು ಎಲ್ಲಾದರೂ ಗೊತ್ತಾಗುತ್ತದೆಯೋ ಎಂದು ಕಿವಿಗೊಟ್ಟು ಕೇಳಿದೆ. ಗೊತ್ತಾಗಲಿಲ್ಲ. ಮಗ್ಗಿ ಪೂರ್ತಿಯಾಗಿಯೇ ಇತ್ತು. ಅಲ್ಲಿಂದ ಮನೆಗೆ ಬಂದು ಸುತ್ತಿಟ್ಟ ಹಾಸಿಗೆ ಮತ್ತೆ ಬಿಡಿಸಿಕೊಂಡು ಮಲಗಿದೆ.

ಸಂಜೆ ಊಟಕ್ಕೆ ಕೂತಾಗ ಹೆಸರುಬೇಳೆ ಪಾಯಸ, ಈರುಳ್ಳಿ ಹಾಕದ ಪಲ್ಯ. ದೊಡ್ಡಪ್ಪ ಗಾಂಧಿನಗರದ ಕಥೆ ಹೇಳುತ್ತಿದ್ದರು. ದೊಡ್ಡಮ್ಮ ನನ್ನ ತಟ್ಟೆಗೆ ಕೇಳದೆಯೇ ಎರಡನೆಯ ಸಲ ಪಾಯಸ ಬಡಿಸಿದರು.

"ಶ್ರಾವಣ ಮುಗಿಯೋ ತನಕ ಸೋಮವಾರ ಜ್ವರ ಬರಿಸ್ಕೋಬೇಡ," ಅಂದರು, ಸೌಟು ಪಾತ್ರೆಯಲ್ಲಿಡುತ್ತ. "ನಾಳೆ ಹಾಸಿಗೆ ಬಟ್ಟೆ ನೀನೇ ಒಗೀಬೇಕು. ವಾಸನೆ."

ಆ ಮನೆಯಲ್ಲಿ ನಾನು ತಿಂದ ಮೊದಲ ಬೈಗುಳ ಅದು. ಮಾರನೆಯ ದಿನ ಬಚ್ಚಲಲ್ಲಿ ಕೂತು ಬಟ್ಟೆ ಒಗೆಯುವಾಗ ಎಂದೂ ಇಲ್ಲದಷ್ಟು ಹೊತ್ತು ತೆಗೆದುಕೊಂಡೆ, ಯಾರಾದರೂ ಬಾಗಿಲು ಬಡಿಯಲಿ ಎಂದು. ದೊಡ್ಡಮ್ಮ ಬಡಿದರು. ಹಾಗೆಂದು ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅಮ್ಮನ ಹತ್ತಿರ ನಾನು ಆಮೇಲೆ ಏನನ್ನೂ ಕೇಳಲಿಲ್ಲ. ರಜೆಗೆ ಹೋದಾಗಲೂ ನೆಂಟರ ಹಾಗೆ ಹೋಗಿ ಬಂದೆ, ಅದು ಹಾಗೇ ಉಳಿಯಿತು. ದೊಡ್ಡಮ್ಮನೂ ನನ್ನ ಹಣೆ ಮುಟ್ಟಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಮುಟ್ಟಿ ತಡವಿ ಮಾಡುವ ಜಾಯಮಾನ ಅವರದಲ್ಲ.

ಈಗ ಆ ಶಟರಿನೊಳಗೆ ಮೊಬೈಲ್ ಕವರು ಮಾರುತ್ತಾರೆ. ದೊಡ್ಡಪ್ಪ ಹೋದರು, ದೊಡ್ಡಮ್ಮನೂ ಹೋದರು. ನಾನು ಕೆಂಗೇರಿಯ ಒಂದು ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದುಕೊಂಡು, ಸಿನಿಮಾಗಳಲ್ಲಿ ಪರದೆಯ ಕೆಳಗೆ ಓಡುವ ಮಾತಿನ ಸಾಲುಗಳನ್ನು, ಸಬ್‌ಟೈಟಲ್ಲುಗಳನ್ನು, ಬರೆಯುವ ಕೆಲಸ ಮಾಡುತ್ತೇನೆ. ತುಟಿ ನೋಡಿ ಮಾತು ಊಹಿಸುತ್ತಿದ್ದವಳಿಗೆ ತಕ್ಕ ಕೆಲಸವೇ. ಈ ಸಲದ ಮಳೆಗಾಲದಲ್ಲಿ ನನಗೆ ಜ್ವರ ಬಂತು, ಈರುಳ್ಳಿಯದ್ದಲ್ಲ, ಅಪ್ಪಟ ಜ್ವರ. ಇವತ್ತು ಕೆಲಸ ಮಾಡಲಾಗುವುದಿಲ್ಲ ಎಂದು ಫೋನಿನಲ್ಲಿ ಒಂದು ಸಾಲು ಬರೆದು ಕಳಿಸಿದೆ. ಆ ಕಡೆಯಿಂದ ಎತ್ತಿದ ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ. ಇದಕ್ಕಿಂತ ಸಲೀಸಾಗಿ ಯಾರೂ ಚಕ್ಕರ್ ಹೊಡೆದಿರಲಾರರು. ಹಾಸಿಗೆಯಲ್ಲಿ ಮಲಗಿ ಆ ಹಳೆಯ ಚಿತ್ರವನ್ನು ಹುಡುಕಿ ಹಾಕಿದೆ, ಮೊದಲ ಸಲ ಸದ್ದಿನ ಸಮೇತ. ಆ ಅಮ್ಮ ಹಣೆ ಮುಟ್ಟಿ ಹೇಳುವ ಮಾತು ಕೇಳಿದೆ. ಯಾರಾದರೂ ಹೇಳುವಂಥ ಸಾಧಾರಣ ಮಾತು. ನಾನು ಅವಳ ಬಾಯಿಗೆ ಹಾಕಿದ್ದ ಮಾತುಗಳು ಅದಕ್ಕಿಂತ ಎಷ್ಟೋ ಚೆನ್ನಾಗಿದ್ದವು. ಸಿನಿಮಾ ನಿಲ್ಲಿಸಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

ತನ್ನ ದೃಷ್ಟಿಯನ್ನು ತಾನೇ ತೆಗೆದುಕೊಂಡರೆ ಹೋಗುವುದಿಲ್ಲ, ಇನ್ನೊಬ್ಬರ ಕೈ ಬೇಕು ಎನ್ನುತ್ತಿದ್ದರು ದೊಡ್ಡಮ್ಮ. ಆದರೂ ಒಂದಿಷ್ಟು ಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು, ನನ್ನ ತಲೆಯ ಸುತ್ತ ನಾನೇ ಕೈ ಆಡಿಸಿ, ಗ್ಯಾಸಿನ ಮೇಲೆ ಕಾದ ಬಾಣಲೆಗೆ ಹಾಕಿದೆ. ಹೊಗೆ ಎದ್ದಿತು. ಘಾಟು ಗಂಟಲಿಗೆ ಬಂದ ಕೂಡಲೇ ಹಳೆಯ ಅಭ್ಯಾಸದಂತೆ ಉಸಿರು ಬಿಗಿಹಿಡಿದು, ತುಟಿ ಕಚ್ಚಿ, ಕಣ್ಣೀರು ಸುರಿಸುತ್ತ ಎದುರಿಗೆ ನೋಡಿದೆ. ತೊಳೆದಿಟ್ಟ ಪಾತ್ರೆ, ಮುಚ್ಚಿದ ಕಿಟಕಿ. ಯಾರ ಎದುರಿಗೆ ತಡೆದುಕೊಳ್ಳಬೇಕು? ಗೋಡೆಗೆ ಒರಗಿ ಕೂತು, ಮನಸ್ಸು ತಣಿಯುವಷ್ಟು ಕೆಮ್ಮಿದೆ.